ಕಲಬುರಗಿಯಿಂದ ಕಮಲಾಪುರಕ್ಕೆ: ಕೈಕಸುಬಿಗೊಂದು ಸೂರು

ಕಲಬುರಗಿಯ ಹಳೆಯ ಓಣಿಗಳಲ್ಲಿ ನಸುಕಿಗೆ ಎದ್ದು ನಡೆಯುವವರಿಗೆ ಒಂದು ಸದ್ದು ಚೆನ್ನಾಗಿ ಗೊತ್ತು. ಗೋಡೆಯಾಚೆಯಿಂದ ಪಟ್, ಪಟ್, ಪಟ್ ಎಂದು ಒಂದೇ ಲಯದಲ್ಲಿ ಕೇಳಿಬರುವ, ಜೋಳದ ರೊಟ್ಟಿ ಬಡಿಯುವ ಸದ್ದು. ಹೊರಗಿನಿಂದ ಬಂದವರಿಗೆ ಅದು ಅಡುಗೆಮನೆಯ ಗದ್ದಲ. ನಮಗೆ ಬೆಳಗಾಯಿತೆಂಬ ಸೂಚನೆ. ಸುಮಾರು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ, ಆ ಸದ್ದಿನ ಹಿಂದೆ ಒಂದು ಪಾಠವಿದೆ ಎಂದು ಹೊಳೆದದ್ದು ಬಹಳ ತಡವಾಗಿ.

ಗೋಧಿಹಿಟ್ಟು ಎಳೆದರೆ ಹಿಗ್ಗುತ್ತದೆ, ಏಕೆಂದರೆ ಅದರಲ್ಲಿ ಗ್ಲುಟೆನ್ ಇದೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ನಮ್ಮ ಅವ್ವಂದಿರು ಎಸರು ಕುದಿಸಿ, ಹಿಟ್ಟಿಗೆ ಸುರಿದು ನಾದುತ್ತಾರೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಆ ಅಂಟು ಮಾಡುತ್ತದೆ. ತಣ್ಣೀರಿನಲ್ಲಿ ನಾದಿ ನೋಡಿ, ರೊಟ್ಟಿಯ ಅಂಚೆಲ್ಲ ಬಿರಿಯುತ್ತದೆ. ಹಂಚಿನ ಮೇಲೆ ರೊಟ್ಟಿ ಬೇಯುವಾಗ ಒಳಗಿನ ನೀರು ಆವಿಯಾಗಿ, ಗಾತ್ರದಲ್ಲಿ ಸಾವಿರದ ಆರುನೂರು ಪಟ್ಟಿಗೂ ಮೀರಿ ಹಿಗ್ಗುತ್ತದೆ. ರೊಟ್ಟಿ ಉಬ್ಬುವುದು ಹಾಗೆ. ಇನ್ನಷ್ಟು ಒಣಗಿಸಿದರೆ ಖಡಕ್ ರೊಟ್ಟಿ. ತೇವವಿಲ್ಲದ ಕಡೆ ಬೂಷ್ಟು ಬೆಳೆಯದು, ಆದ್ದರಿಂದ ಅದು ವಾರಗಟ್ಟಲೆ ಕೆಡುವುದಿಲ್ಲ. ನಾನು ಬಿ.ಎಸ್ಸಿ. ಓದಿದಾಗ ಇದನ್ನು ಯಾರೂ ಹೇಳಿಕೊಡಲಿಲ್ಲ. ಅವ್ವನಿಗೆ ಕಾರಣ ಗೊತ್ತಿರಲಿಲ್ಲ, ಹದ ಗೊತ್ತಿತ್ತು.

ಇಷ್ಟು ಹದ ಬಲ್ಲ ಕೈಗೆ ಕೂಲಿ ಎಷ್ಟು? ನಮ್ಮ ಬಡಾವಣೆಯ ಹಿಂದಿನ ಓಣಿಯಲ್ಲಿ ಖಾನಾವಳಿಗಳಿಗೆ ರೊಟ್ಟಿ ಮಾಡಿಕೊಡುವ ಒಬ್ಬ ಅಕ್ಕನನ್ನು ಕೇಳಿದ್ದೆ. ‘ರೊಟ್ಟಿ ಬಡಿಲಾಕ ಬರ್ತದ್ರಿ ಸರ್, ರೇಟ್ ಹೇಳ್ಲಾಕ ಬರಲ್ಲ. ಖಾನಾವಳಿಯವ್ರು ಕೊಟ್ಟಷ್ಟೇ ತಗೋಬೇಕು’ ಎಂದರು. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. 2025-26ರ ಸಾಲಿಗೆ ಕೇಂದ್ರ ಸರ್ಕಾರ ಮಾಲದಂಡಿ ಜೋಳಕ್ಕೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ಅಂದರೆ ಕಿಲೋಗೆ ಮೂವತ್ತೇಳೂವರೆ ರೂಪಾಯಿ. ನಮ್ಮ ಮನೆಯ ಅಂದಾಜಿನಲ್ಲಿ ಕಿಲೋ ಹಿಟ್ಟಿಗೆ ಹದಿನೈದು ರೊಟ್ಟಿ. ಒಂದು ರೊಟ್ಟಿಯಲ್ಲಿರುವ ಜೋಳದ ಬೆಲೆ ಎರಡೂವರೆ ರೂಪಾಯಿ. ಮಿಕ್ಕದ್ದೆಲ್ಲ ಉರುವಲು, ಬೀಸುವ ಕೂಲಿ ಮತ್ತು ಕೈ. ರೊಟ್ಟಿಯ ಬೆಲೆ ತಗ್ಗಿದಾಗ ಜೋಳದ ಬೆಲೆ ತಗ್ಗುವುದಿಲ್ಲ, ಉರುವಲಿನ ಬೆಲೆಯೂ ತಗ್ಗುವುದಿಲ್ಲ. ತಗ್ಗುವುದು ಕೈಯ ಪಾಲು ಮಾತ್ರ.

ಈಗ ಈ ಲೆಕ್ಕ ಸ್ವಲ್ಪ ಬದಲಾಗುತ್ತಿದೆ. ಜಿಲ್ಲೆಯ ಮಹಿಳೆಯರು ಸಹಕಾರಿ ಸಂಘ ಕಟ್ಟಿಕೊಂಡು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರಾಟಕ್ಕಿಳಿದಿದ್ದಾರೆ. 2025ರ ಜೂನ್ 29ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ಇದನ್ನು ಹೆಸರಿಸಿ, ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿವೆ, ಬೆಂಗಳೂರಿನಲ್ಲಿ ಪ್ರತ್ಯೇಕ ಮಳಿಗೆ ತೆರೆದಿದೆ, ಆನ್‌ಲೈನ್ ಬೇಡಿಕೆಯೂ ಬರುತ್ತಿದೆ ಎಂದು ಹೇಳಿದರು. ಮೂರು ಸಾವಿರ ಎಂದರೇನು? ಒಂದು ರೊಟ್ಟಿಗೆ ಎರಡು ನಿಮಿಷವೆಂದರೂ ನೂರು ತಾಸಿನ ಕೆಲಸ. ಒಬ್ಬರ ಒಲೆಯಿಂದ ಆಗುವ ಮಾತಲ್ಲ.

ಹಾಗೆಂದು ಎಲ್ಲವನ್ನೂ ಒಂದೇ ಸೂರಿನಡಿ ತರಬೇಕೆಂದೂ ಇಲ್ಲ. ಮುಂಬಯಿಯ ಲಿಜ್ಜತ್ ಪಾಪಡದ ಕತೆ ನೋಡಿ. 1959ರಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು, ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿ ಶುರು ಮಾಡಿದ್ದು. ಅಲ್ಲಿ ಹಿಟ್ಟು ಕಲಸುವುದು ಒಂದೇ ಕಡೆ. ಸದಸ್ಯೆಯರು ಅದನ್ನು ಮನೆಗೆ ಒಯ್ದು ಲಟ್ಟಿಸಿ, ಒಣಗಿಸಿ ತಂದುಕೊಡುತ್ತಾರೆ. ತೂಕ, ಕಟ್ಟುವಿಕೆ, ಮಾರಾಟ ಮತ್ತೆ ಒಂದೇ ಕಡೆ. ಲಾಭ ನಷ್ಟ ಎರಡರಲ್ಲೂ ಲಟ್ಟಿಸಿದವರೇ ಪಾಲುದಾರರು. ಯಾವುದನ್ನು ಕೂಡಿ ಮಾಡಬೇಕು, ಯಾವುದನ್ನು ಅವರವರ ಕೈಗೇ ಬಿಡಬೇಕು ಎಂಬ ವಿಂಗಡಣೆಯಲ್ಲೇ ಕಸುಬಿನ ಏಳುಬೀಳು ಅಡಗಿದೆ ಎಂದು ನನಗನ್ನಿಸಿತು. ಅದು ಇನ್ನೂ ಖಚಿತವಾದದ್ದು ಕಮಲಾಪುರದ ಕಡೆ ಹೋದಾಗ.

ಕೇಂದ್ರ ಬಸ್ ನಿಲ್ದಾಣದಿಂದ ಹುಮನಾಬಾದ್ ಕಡೆಯ ಬಸ್ಸು ಹತ್ತಿದರೆ ಕಮಲಾಪುರ ಸುಮಾರು ಒಂದು ತಾಸಿನ ದಾರಿ. ತೊಗರಿ ಹೊಲಗಳ ಬಯಲು, ಬೆಣ್ಣೆತೊರೆಯ ಕುರಿಕೋಟಾ ಸೇತುವೆ, ಮಹಾಗಾಂವ ಕ್ರಾಸ್ ದಾಟಿದ ಮೇಲೆ ನೆಲ ಏರಿಳಿಯತೊಡಗುತ್ತದೆ. ಹೊಸ ತಾಲ್ಲೂಕು ಕೇಂದ್ರವಾದರೂ ಈ ಊರಿನ ಹೆಸರು ಹಬ್ಬಿದ್ದು ಕೆಂಪು ಬಾಳೆಯಿಂದ. ಸಿಪ್ಪೆಯ ಕೆಂಪಿಗೆ ಆಂಥೋಸಯನಿನ್ ಎಂಬ ವರ್ಣದ್ರವ್ಯ ಕಾರಣ (ದಾಸವಾಳದ ಕೆಂಪಿಗೂ ಅದೇ). ಈ ಬಾಳೆಗೆ ಜಿಐ ಮಾನ್ಯತೆಯೂ ಸಿಕ್ಕಿದೆ. ಆದರೆ ಹೆಸರು ನೋಂದಣಿಯಾದ ಮಾತ್ರಕ್ಕೆ ಗೊನೆ ತಾನಾಗಿಯೇ ಲಾರಿ ಹತ್ತುವುದಿಲ್ಲ. ಕಸುಬಿನ ವಿಷಯದಲ್ಲೂ ಇದನ್ನು ನೆನಪಿಡಬೇಕು.

ನಾನು ಹೋದದ್ದು ಬಾಳೆಗಾಗಿ ಅಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಬಿ.ಕಾಂ. ಕೊನೆಯ ವರ್ಷದಲ್ಲಿರುವವಳು, ತನ್ನ ತಾಂಡಾಕ್ಕೆ ಕರೆದಿದ್ದಳು. ಕಮಲಾಪುರದ ಸುತ್ತ ಲಂಬಾಣಿ ತಾಂಡಾಗಳು ಬಹಳ. ಅವಳ ತಾಯಿ ಫೇಟಿಯಾ, ಕಾಂಚಳಿಗಳಿಗೆ ಕನ್ನಡಿ ಹಚ್ಚಿ ಕಸೂತಿ ಹಾಕುವುದರಲ್ಲಿ ಎತ್ತಿದ ಕೈ. ಈಗ ಅದೇ ಕಸೂತಿಯನ್ನು ಹೆಗಲ ಚೀಲಗಳ ಮೇಲೆ ಹಾಕುತ್ತಾರೆ. ‘ಸರ್, ಇದು ನಮ್ಮ ಯಾಡಿ ಹದಿನೆಂಟು ದಿನ ಕೂತು ಹೊಲಿದದ್ದು’ ಎಂದು ಹುಡುಗಿ ಒಂದು ಚೀಲ ತೋರಿಸಿದಳು. ಇಂಥದ್ದಕ್ಕೆ ಒಬ್ಬ ವ್ಯಾಪಾರಿ ನಾನೂರು ರೂಪಾಯಿ ಕೊಟ್ಟು ಒಯ್ಯುತ್ತಿದ್ದನಂತೆ.

ಅವಳ ಹತ್ತಿರ ಒಂದು ನೋಟ್‌ಬುಕ್ ಇತ್ತು. ಬಟ್ಟೆ, ದಾರ, ಕನ್ನಡಿ ಸೇರಿ ಖರ್ಚು 110. ಉಳಿಯುವುದು 290. ದಿನಕ್ಕೆ ನಾಲ್ಕು ತಾಸಿನಂತೆ ಹದಿನೆಂಟು ದಿನಕ್ಕೆ 72 ತಾಸು. ಭಾಗಿಸಿದರೆ ತಾಸಿಗೆ ನಾಲ್ಕು ರೂಪಾಯಿ. ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಳು.

ಅವಳ ತಂದೆ ಕಟ್ಟೆಯ ಮೇಲೆ ಕೂತಿದ್ದರು. ಮುಂಬಯಿ, ಪುಣೆಗಳ ಕಟ್ಟಡ ಕೆಲಸಕ್ಕೆ ವರ್ಷಗಟ್ಟಲೆ ಹೋಗಿಬಂದ ಮನುಷ್ಯ. ‘ಅದಕ್ಕೇ ಹೇಳ್ತೀನ್ರಿ ಸರ್, ಓದಿಸಿದ್ದು ಸೂಜಿ ಹಿಡಿಲಾಕ ಅಲ್ಲ. ನೌಕರಿ ಹಿಡೀಲಿ’ ಎಂದರು. ನಾನು ಉತ್ತರ ಕೊಡಲಿಲ್ಲ. ಓದದಿದ್ದರೆ ಕೈಕೆಲಸವೇ ಗತಿ ಎಂದು ತರಗತಿಯಲ್ಲಿ ಹೆದರಿಸಿದವನು ನಾನೇ.

ಹುಡುಗಿಯ ವಾದ ಬೇರೆ. ತಾಯಿಯ ಹೊಲಿಗೆಯಲ್ಲಿ ಕೊರತೆಯಿಲ್ಲ. ಹದಿನೆಂಟು ದಿನಗಳಲ್ಲಿ ಕಸೂತಿಗೆ ಹಿಡಿದದ್ದು ಹತ್ತೇ ದಿನ. ಮಿಕ್ಕ ದಿನಗಳು ಕತ್ತರಿಸುವುದಕ್ಕೆ, ಅಸ್ತರಿಗೆ, ಜಿಪ್ಪಿಗೆ, ಕೈಯಲ್ಲೇ ಅಂಚು ಹೊಲಿಯುವುದಕ್ಕೆ ಹೋದವು. ಒಂದು ಕತ್ತರಿಸುವ ಮೇಜು, ಎರಡು ಹೊಲಿಗೆ ಯಂತ್ರ ಇದ್ದರೆ ತಾಂಡಾದ ಎಂಟು ಹೆಂಗಸರಿಗೂ ಆ ದಿನಗಳು ಉಳಿಯುತ್ತವೆ. ಬಣ್ಣದ್ದೂ ಒಂದು ತೊಂದರೆ. ಒಮ್ಮೆ ಒಗೆದಾಗ ಕೆಂಪು ಬಿಟ್ಟು, ಕೊಂಡವರು ಆರು ಚೀಲ ಮರಳಿಸಿದ್ದರು. ಇದು ನನ್ನ ವಿಷಯ. ಬಿಳಿ ಅರಿವೆಯ ತುಂಡನ್ನು ಸಾಬೂನು ನೀರಿನಲ್ಲಿ ನೆನೆಸಿ, ಹೊಸ ಬಟ್ಟೆಯ ಮೇಲಿಟ್ಟು ಅರ್ಧ ತಾಸು ಭಾರ ಹೇರಿ, ಒಣಗಿದ ಮೇಲೆ ನೋಡಿ ಎಂದೆ. ಬಿಳಿ ಅರಿವೆಗೆ ಬಣ್ಣ ಹತ್ತಿದರೆ ಆ ಥಾನು ಬೇಡ. ಕಸೂತಿ ಹಾಕುವ ಮೊದಲೇ ಮಾಡಿದರೆ ಹತ್ತು ದಿನದ ಶ್ರಮ ಉಳಿಯುತ್ತದೆ.

ಬಳ್ಳಾರಿ ಜಿಲ್ಲೆಯ ಸಂಡೂರಿನ ಕುಶಲಕಲಾ ಕೇಂದ್ರದ ಸುದ್ದಿಯನ್ನು ಅವಳೇ ತೆಗೆದಳು. 1980ರ ದಶಕದಿಂದ ಅಲ್ಲಿ ಲಂಬಾಣಿ ಹೆಂಗಸರ ಕಸೂತಿಗೆ ಬಟ್ಟೆ, ವಿನ್ಯಾಸ, ಮಾರುಕಟ್ಟೆ ಒಂದೇ ಕಡೆ ಸಿಗುತ್ತ ಬಂದಿದೆ. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ 450ಕ್ಕೂ ಹೆಚ್ಚು ಕುಶಲಕರ್ಮಿಗಳ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಅಲ್ಲಿಯದೂ ಇದೇ ಸೂಜಿ, ಇದೇ ಕನ್ನಡಿ. ಆ ಸೂರು ಮಾತ್ರ ಈ ತಾಂಡಾದಲ್ಲಿಲ್ಲ.

ಪೋಷಕರ ಗಮನಕ್ಕೆ ಎರಡು ಮಾತು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿಗೆ ತರಬೇತಿ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದವರೆಗೆ ಸಾಲ ಎಂದಿದೆ. ಪಟ್ಟಿಯಲ್ಲಿ ದರ್ಜಿ ಇದ್ದಾನೆ, ಕಸೂತಿಯವಳು ಬೇರೆಯಾಗಿ ಇಲ್ಲ. ಇದು ನನಗೆ ಸರಿಕಾಣಲಿಲ್ಲ. ರೊಟ್ಟಿ, ಹಿಂಡಿ, ಉಪ್ಪಿನಕಾಯಿಯಂಥ ಆಹಾರ ತಯಾರಿಕೆಗೆ 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಯೋಜನೆ ಬೇರೆ ಇದೆ. ಅದರಲ್ಲಿ ಸ್ವಸಹಾಯ ಗುಂಪಿನ ಸದಸ್ಯೆಗೆ 40,000 ರೂಪಾಯಿವರೆಗೆ ಮೂಲ ಬಂಡವಾಳ ಮತ್ತು ಸಾಮೂಹಿಕ ಘಟಕಕ್ಕೆ ಸಹಾಯಧನ ಕೊಡುವ ಏರ್ಪಾಡಿದೆ. ಅರ್ಜಿ ಬರೆಯಲು, ಲೆಕ್ಕಪತ್ರ ಇಡಲು ಮನೆಯಲ್ಲಿ ಒಬ್ಬರು ಓದಿದವರು ಬೇಕು. ಬಿ.ಕಾಂ. ಓದಿದ ಮಗಳು ಸೂಜಿ ಹಿಡಿಯಲೇಬೇಕೆಂದಿಲ್ಲ.

ಹೊರಡುವಾಗ ಸೇವಾಲಾಲ್ ಗುಡಿಯ ಪಕ್ಕದ ಸಮುದಾಯ ಭವನವನ್ನು ಹುಡುಗಿ ತೋರಿಸಿದಳು. ಮದುವೆಗಳಿಗೆ ಬಿಟ್ಟರೆ ವರ್ಷವಿಡೀ ಬೀಗ. ಕಿಟಕಿಯಿಂದ ಇಣುಕಿದೆ. ಒಳ್ಳೆ ಬೆಳಕು, ಗೋಡೆಯಲ್ಲಿ ಎರಡು ಪ್ಲಗ್ ಪಾಯಿಂಟ್. ಯಂತ್ರಗಳನ್ನು ಎಲ್ಲಿ ಇಡಬಹುದೆಂದು ಅವಳು ಹೆಜ್ಜೆಯಲ್ಲಿ ಅಳೆದಾಗಿತ್ತು.

ಬಸ್ಸಿನವರೆಗೆ ಬಿಡಲು ತಂದೆಯೇ ಬಂದರು. ದಾರಿಯುದ್ದಕ್ಕೂ ಮಾತಿಲ್ಲ. ರಸ್ತೆ ಮುಟ್ಟಿದ ಮೇಲೆ ‘ತಾಸಿಗೆ ನಾಕು ರೂಪಾಯಿ ಅಂತ ಬರದಾಳಲ್ರಿ, ಖರೇನಾ ಸರ್?’ ಎಂದು ಕೇಳಿದರು. ಲೆಕ್ಕ ಸರಿಯಿದೆ ಎಂದೆ. ಭವನದ ಕೀಲಿ ಯಾರ ಹತ್ತಿರ ಇದೆ ಎಂದು ನಾನೂ ಕೇಳಿದೆ.

‘ನಾಯಕ, ಕಾರಭಾರಿಯವರನ್ನ ಕೇಳ್ಬೇಕ್ರಿ. ಹೋಳಿ ಮುಗೀಲಿ, ಕೇಳಿ ನೋಡ್ತೀನಿ’ ಎಂದು ಬಸ್ಸಿಗೆ ಕೈ ತೋರಿಸಿದರು.