ಸೈಕಲ್ ಡೈನಮೋ ಕಲಿಸಿದ ಪಾಠ

ಹತ್ತನೇ ತರಗತಿಯ ಹುಡುಗನೊಬ್ಬ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ರಟ್ಟಿನ ಕೊಳವೆಯ ಮೇಲೆ ತಾಮ್ರದ ತಂತಿ ಸುತ್ತಿದ. ಎರಡು ಸಂಜೆ ಹಿಡಿದ ಕೆಲಸ. ತಂತಿಯ ತುದಿಗಳನ್ನು ಶಾಲೆಯಿಂದ ತಂದ ಗ್ಯಾಲ್ವನೋಮೀಟರಿಗೆ ಜೋಡಿಸಿ, ದಂಡಕಾಂತವನ್ನು ಕೊಳವೆಯೊಳಗಿಟ್ಟ. ಆಮೇಲೆ ಮೀಟರಿನತ್ತ ತಿರುಗಿ ನೋಡಿದರೆ ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ತಂತಿ ಬಿಚ್ಚಿ ಮತ್ತೆ ಸುತ್ತಿದ. ಮತ್ತೆ ಅದೇ ಕಥೆ.

"ನನ್ನ ಕೈಲಿ ಆಗಲ್ಲಮ್ಮ, ಹೆಸರು ವಾಪಸ್ ತಗೋತೀನಿ" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ. ಮುಂದಿನ ವರ್ಷ ಸೈನ್ಸ್ ತೆಗೆದುಕೊಳ್ಳುವ ಆಸೆಯೂ ಆ ದನಿಯಲ್ಲಿ ಉಡುಗಿಹೋಗಿತ್ತು.

ಅಪ್ಪನಿಗೆ ಗ್ಯಾಲ್ವನೋಮೀಟರ್ ಗೊತ್ತಿರಲಿಲ್ಲ. ಗೊತ್ತಿದ್ದುದು ತಮ್ಮ ಹಳೆಯ ಸೈಕಲ್ಲು. ಅಂಗಳದಲ್ಲಿ ಅದಕ್ಕೆ ಸ್ಟ್ಯಾಂಡ್ ಹಾಕಿ, ಡೈನಮೋವನ್ನು ಹಿಂದಿನ ಚಕ್ರಕ್ಕೆ ತಾಗಿಸಿ ಪೆಡಲ್ ತಿರುಗಿಸಿದರು. ದೀಪ ಹತ್ತಿತು. ಚಕ್ರ ನಿಂತಿತು, ದೀಪ ಆರಿತು.

"ಒಳಗಿರೋದು ಒಂದು ಕಾಂತ, ಒಂದು ತಂತಿ ಸುರುಳಿ, ಅಷ್ಟೇ ಕಣೋ. ಈಗಲೂ ಎರಡೂ ಅಲ್ಲೇ ಇವೆ. ಮತ್ತೆ ದೀಪ ಯಾಕೆ ಆರಿತು?"

ಹುಡುಗ ಒಳಗೆ ಓಡಿದ. ಈ ಸಲ ಮುಳ್ಳಿನ ಮೇಲೆ ಕಣ್ಣಿಟ್ಟು ಕಾಂತವನ್ನು ಸರ್ರನೆ ತೂರಿಸಿದ. ಮುಳ್ಳು ಒಂದು ಕಡೆಗೆ ಹೊರಳಿ ಸೊನ್ನೆಗೆ ಮರಳಿತು. ಹೊರಗೆಳೆದಾಗ ಇನ್ನೊಂದು ಕಡೆಗೆ ಹೊರಳಿತು. ವೇಗ ಹೆಚ್ಚಿದಷ್ಟೂ ಹೊರಳಾಟ ಹೆಚ್ಚು. ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾಗುತ್ತಿರುವಷ್ಟು ಹೊತ್ತು ಮಾತ್ರ ವಿದ್ಯುತ್ತು!

ಹುಡುಗ ನಾಚಬೇಕಾದ್ದಿಲ್ಲ. 1825ರಲ್ಲಿ ಜಿನೀವಾದ ವಿಜ್ಞಾನಿ ಕೊಲಾಡನ್ ಕೂಡ ಇಲ್ಲೇ ಎಡವಿದ್ದ. ಕಾಂತದ ಸೆಳೆತ ಮುಳ್ಳಿಗೆ ನೇರವಾಗಿ ತಾಗಬಾರದೆಂದು ಅವನು ಮೀಟರನ್ನು ಬೇರೆ ಕೋಣೆಯಲ್ಲಿಟ್ಟಿದ್ದ. ಕಾಂತವನ್ನು ಸುರುಳಿಗೆ ಒಡ್ಡಿ ಅಲ್ಲಿಗೆ ನಡೆದುಹೋಗುವಷ್ಟರಲ್ಲಿ ಮುಳ್ಳು ಹೊರಳಿ, ಮರಳಿ, ಸುಮ್ಮನಾಗಿರುತ್ತಿತ್ತು. ದೊಡ್ಡದೊಂದು ಶೋಧ ಕೆಲವು ಹೆಜ್ಜೆಗಳ ಅಂತರದಲ್ಲಿ ತಪ್ಪಿಹೋಯಿತು.

ಅದು ಸಿಕ್ಕಿದ್ದು ಲಂಡನ್ನಿನ ಮೈಕೆಲ್ ಫ್ಯಾರಡೆಗೆ. ಕಮ್ಮಾರನ ಮಗ, ಹೆಚ್ಚು ಶಾಲೆ ಕಾಣದೆ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಬೆಳೆದವನು. ವಿದ್ಯುತ್ತಿನಿಂದ ದಿಕ್ಸೂಚಿಯ ಮುಳ್ಳು ತಿರುಗುತ್ತದೆಂದು 1820ರಲ್ಲಿ ಓರ್ಸ್ಟೆಡ್ ತೋರಿಸಿದ್ದ. ಹಾಗಾದರೆ ಕಾಂತದಿಂದ ವಿದ್ಯುತ್ತು ಏಕೆ ಬರಬಾರದು? ಈ ಪ್ರಶ್ನೆಯನ್ನು ಹಿಡಿದು ಅವನು ನಡೆಸಿದ ಮೊದಲ ಪ್ರಯೋಗಗಳೆಲ್ಲ ಸೋತವು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿದಾಗ, ಒಂದಕ್ಕೆ ಬ್ಯಾಟರಿ ಜೋಡಿಸಿದ, ತೆಗೆದ ಕ್ಷಣಗಳಲ್ಲಷ್ಟೇ ಇನ್ನೊಂದರ ಕಡೆಯ ಮುಳ್ಳು ಅಲುಗಿತು. ಆ ಸುಳಿವು ಸಾಕಾಯಿತು. ಅಕ್ಟೋಬರ್ 17ರಂದು ಸುರುಳಿಯೊಳಗೆ ಕಾಂತವನ್ನು ತೂರಿಸಿ ಅವನು ಉತ್ತರ ಪಡೆದ.

ಇದೇ ತತ್ತ್ವ 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಯಂತ್ರ ತಿರುಗಿಸಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಕಳಿಸಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿಸಿತು.

ಪ್ರದರ್ಶನದ ದಿನ ಹುಡುಗ ಮೊದಲು ಕಾಂತವನ್ನು ಸುರುಳಿಯೊಳಗೆ ಸುಮ್ಮನೆ ಇಟ್ಟು, "ಕರೆಂಟ್ ಬಂತಾ?" ಎಂದು ಬಂದವರನ್ನೇ ಕೇಳುತ್ತಿದ್ದ. ಅವರು ಇಲ್ಲವೆಂದು ತಲೆಯಾಡಿಸಿದ ಮೇಲೆ ಕಾಂತವನ್ನು ಎಳೆಯುತ್ತಿದ್ದ. ಬಹುಮಾನ ಬೇರೆಯವರ ಪಾಲಾಯಿತು. ಆದರೆ ಸೈನ್ಸ್ ಬೇಡವೆಂಬ ಮಾತು ಆ ಮನೆಯಲ್ಲಿ ಮತ್ತೆ ಕೇಳಲಿಲ್ಲ.