ನಿಯೋಬಿಯ ಹಡಗು ಅಲ್ಲಿಗೆ ಹೇಗೆ ಬಂತು?

ಸ್ವಾಮಿ, ಒಂದು ಪ್ರಶ್ನೆ. 'ಮ್ಯಾಟ್ರಿಕ್ಸ್' ಒಟ್ಟು ಎಷ್ಟು? ನಾಲ್ಕು ಅಂತೀರಿ. 1999ರ ಮೊದಲನೆಯದು, 2003ರಲ್ಲಿ ಆರು ತಿಂಗಳ ಅಂತರದಲ್ಲಿ ಬಂದ 'ರೀಲೋಡೆಡ್' ಮತ್ತು 'ರೆವಲ್ಯೂಷನ್ಸ್', 2021ರ 'ರಿಸರೆಕ್ಷನ್ಸ್'. ನಾನೂ ಹಾಗೇ ಬರೆದಿದ್ದೆ. ಬರೆದು ಪೇಚಿಗೆ ಸಿಕ್ಕಿಕೊಂಡೆ.

2021ರ ಡಿಸೆಂಬರಿನಲ್ಲಿ ನಾಲ್ಕನೆಯ ಚಿತ್ರ ತೆರೆ ಕಂಡಾಗ ಒಂದು ಪತ್ರಿಕೆಗೆ ಈ ಸರಣಿಯ 'ಪೂರ್ಣ ಪರಿಚಯ' ಬರೆದುಕೊಟ್ಟೆ. ನನ್ನ ಹೆಸರು ದಪ್ಪ ಅಕ್ಷರದಲ್ಲಿ ಅಚ್ಚಾದದ್ದು ಅದೇ ಮೊದಲು. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ದೊಡ್ಡಪ್ಪನ ಮಗ ಅದನ್ನು ಕೊಂಡು, ನಿಂತಲ್ಲೇ ಓದಿ ಫೋನ್ ಮಾಡಿದ. ಚೆನ್ನಾಗಿದೆ ಅನ್ನಲಿಲ್ಲ.

"ನಮ್ಮ ಆಟ ಎಲ್ಲೋ?" ಅಂದ.

"ಅದು ಸಿನಿಮಾ ಅಲ್ಲವಲ್ಲಣ್ಣ."

"ಹಂಗಾದ್ರೆ ಪೂರ್ಣ ಅಂತ ಯಾಕೆ ಹಾಕಿದ್ದೀಯ?" ಅಂತ ಫೋನ್ ಇಟ್ಟುಬಿಟ್ಟ. ಆಮೇಲೆ ಎರಡು ಹಬ್ಬ ಕಳೆದರೂ ಮಾತಿಲ್ಲ.

ಅವನ ಸಿಟ್ಟಿಗೆ ಕಾರಣ ಇದೆ. 2009ರಲ್ಲಿ ಅವನು ಊರಿನ ಒಂದು ಸೈಬರ್ ಸೆಂಟರಿನಲ್ಲಿ ಕೆಲಸಕ್ಕಿದ್ದ. ನನಗೆ ಹನ್ನೆರಡು ವರ್ಷ. ರಾತ್ರಿ ಶಟರ್ ಅರ್ಧ ಎಳೆದ ಮೇಲೆ ಕಟ್ಟಕಡೆಯ ಕಂಪ್ಯೂಟರಿನಲ್ಲಿ ನಾವಿಬ್ಬರೂ 'ಎಂಟರ್ ದಿ ಮ್ಯಾಟ್ರಿಕ್ಸ್' ಎಂಬ ವಿಡಿಯೋ ಗೇಮ್ ಆಡುತ್ತಿದ್ದೆವು. ಸಿಡಿ ಬೆಂಗಳೂರಿನ ಎಸ್.ಪಿ. ರೋಡಿನದು, ಅಸಲಿಯೋ ನಕಲಿಯೋ ಕೇಳಬೇಡಿ. ಅವನಿಗೆ ಕೈ ಚುರುಕು, ಇಂಗ್ಲಿಷ್ ಅಷ್ಟಕ್ಕಷ್ಟೆ. ನನಗೆ ಕೈ ನಿಧಾನ. ಹೊಡೆದಾಟ, ಗುಂಡಿನ ಸುರಿಮಳೆ ಎಲ್ಲ ಅವನದು. ಪಾತ್ರಗಳು ಏನು ಹೇಳಿದವು ಅಂತ ಕಿವಿಗೊಟ್ಟು ಕೇಳಿ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಆ ಆಟದಲ್ಲಿ ಕಳ್ಳದಾರಿ ಒಂದಿದೆ, ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಅಪ್ಪಣೆಗಳನ್ನು ಒಂದೊಂದೇ ಅಕ್ಷರ ಟೈಪ್ ಮಾಡಬೇಕು. ತೊಡೆಯ ಮೇಲೆ ನಿಘಂಟು ಇಟ್ಟುಕೊಂಡು ಟೈಪ್ ಮಾಡಿದೆ. ಮುಂದೆ ಪಿಯುಸಿ ಅರ್ಧಕ್ಕೆ ಬಿಟ್ಟೆ. ಇವತ್ತು ಹಾಲಿವುಡ್ ಸುದ್ದಿಯನ್ನು ಕನ್ನಡಕ್ಕೆ ಇಳಿಸಿ ಕಾಲಂ ಲೆಕ್ಕದಲ್ಲಿ ಹೊಟ್ಟೆ ಹೊರೆಯುತ್ತಿದ್ದೇನೆಂದರೆ ಆ ಇಂಗ್ಲಿಷ್ ಯಾವ ಕಾಲೇಜಿನದೂ ಅಲ್ಲ. ಅಂಥದ್ದನ್ನೇ ಪಟ್ಟಿಯಿಂದ ಬಿಟ್ಟಿದ್ದೆ. ಮರೆತು ಅಲ್ಲ, ನಾಚಿಕೆಯಿಂದ. ಸಿನಿಮಾ ಪುಟದಲ್ಲಿ ಮಕ್ಕಳಾಟ ಯಾಕಯ್ಯಾ ಅಂತ ಯಾರಾದರೂ ಅಂದಾರು ಎಂಬ ಅಳುಕು.

ಆದರೆ ಕೃತಜ್ಞತೆಗೆ ಯಾರೂ ಸರಣಿಯಲ್ಲಿ ಜಾಗ ಕೊಡುವುದಿಲ್ಲ. ಅಣ್ಣನ ಸಿಟ್ಟು ಪಕ್ಕಕ್ಕಿಟ್ಟು ನೋಡಿದರೂ ಆ ಆಟ ಸರಣಿಗೆ ಸೇರುತ್ತದೆಯೇ? ಅದನ್ನು ನ್ಯಾಯವಾಗಿ ನೋಡಬೇಕಲ್ಲ!

ಹೆಸರು ನೋಡಿ ಹೇಳೋಣವೇ? ನಮ್ಮ ಅಣ್ಣಾವ್ರ ಸಿ.ಐ.ಡಿ. 999 ಚಿತ್ರಗಳನ್ನೇ ತೆಗೆದುಕೊಳ್ಳಿ. 1968ರ 'ಜೇಡರ ಬಲೆ'ಯ ಹೆಸರಿನಲ್ಲಿ 999 ಇಲ್ಲ, 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲೂ ಇಲ್ಲ. ನಡುವಿನ 'ಗೋವಾದಲ್ಲಿ ಸಿ.ಐ.ಡಿ. 999', 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ಎರಡರಲ್ಲಿ ಮಾತ್ರ ಇದೆ. ಹಾಗಂತ ಮೊದಲನೆಯದನ್ನೂ ಕೊನೆಯದನ್ನೂ ಹೊರಗಿಡಲು ಯಾವ ಅಭಿಮಾನಿ ಒಪ್ಪಿಯಾನು? ದೊರೆ-ಭಗವಾನ್ ಜೋಡಿ, ಅದೇ ಪತ್ತೇದಾರ ಪ್ರಕಾಶ್, ಸಾಕು. ಇನ್ನು ನಾಯಕನ ಮೇಲೆ ಹೇಳೋಣವೆಂದರೆ, 1983ರ 'ನೆವರ್ ಸೇ ನೆವರ್ ಎಗೇನ್'ನಲ್ಲಿ ಸಾಕ್ಷಾತ್ ಶಾನ್ ಕಾನರಿಯೇ ಬಾಂಡ್. ಆದರೂ ಇಯಾನ್ ಸಂಸ್ಥೆ ತೆಗೆದದ್ದಲ್ಲವೆಂದು ಅದನ್ನು ಬಾಂಡ್ ಲೆಕ್ಕಕ್ಕೆ ಸೇರಿಸುವುದಿಲ್ಲ.

ತೆಗೆದವರು ಯಾರು ಎಂಬುದೇ ಮುಖ್ಯವಾದರೆ ನಮ್ಮ ಆಟ ಅರ್ಧ ಗೆದ್ದ ಹಾಗೆ. 'ಎಂಟರ್ ದಿ ಮ್ಯಾಟ್ರಿಕ್ಸ್' ಕಥೆ ಬರೆದವರು ಚಿತ್ರಗಳನ್ನು ನಿರ್ದೇಶಿಸಿದ ವಾಚೋವ್ಸ್ಕಿ ಜೋಡಿಯೇ. ಆಟದ ನಡುವೆ ಬರುವ ಸುಮಾರು ಒಂದು ಗಂಟೆಯ ಅಸಲಿ ಚಿತ್ರೀಕರಣವೂ ಅವರದೇ, ಚಿತ್ರದ ನಟನಟಿಯರದೇ. 2003ರ ಮೇ ತಿಂಗಳಲ್ಲಿ 'ರೀಲೋಡೆಡ್' ಬಂದ ವಾರವೇ ಆಟವೂ ಅಂಗಡಿಗೆ ಬಂತು. ಆ ತರಾತುರಿಯ ಕೆಡುಕೂ ಕಾಣುತ್ತದೆ, ಮುಚ್ಚಿಡುವುದಿಲ್ಲ: ಕಾರು ಓಡಿಸುವ ಭಾಗ ಒಡ್ಡೊಡ್ಡು, ಅಲ್ಲಲ್ಲಿ ಆಟ ಎಡವುತ್ತದೆ.

ಇದರಲ್ಲಿ ನೀವು ನಿಯೋ ಆಗುವ ಹಾಗಿಲ್ಲ. ಲೋಗೋಸ್ ಎಂಬ ಹಡಗಿನ ನಾಯಕಿ ನಿಯೋಬಿ (ಜೇಡಾ ಪಿಂಕೆಟ್ ಸ್ಮಿತ್), ಇಲ್ಲವೇ ಅವಳ ಜೊತೆಗಾರ ಗೋಸ್ಟ್ ಆಗಬೇಕು. ಅವಳನ್ನು ಆರಿಸಿದರೆ ಕಾರು ಓಡಿಸುತ್ತೀರಿ, ಅವನನ್ನು ಆರಿಸಿದರೆ ಗುಂಡು ಹಾರಿಸುತ್ತೀರಿ. ಚಿತ್ರದಲ್ಲಿ ಗೋಸ್ಟ್ ಬರೀ ಕರಿ ಕನ್ನಡಕ. ಆಟದಲ್ಲಿ ನೋಡಿ, ಪಾಪ, ಅವನಿಗೆ ಟ್ರಿನಿಟಿ ಮೇಲೆ ಹೇಳಿಕೊಳ್ಳಲಾಗದ ಪ್ರೀತಿ!

ಈಗ 'ರೀಲೋಡೆಡ್' ನೆನಪಿಸಿಕೊಳ್ಳಿ. ಯಂತ್ರಗಳು ಭೂಮಿ ಕೊರೆಯುತ್ತಾ ಬರುತ್ತಿವೆ ಎಂದು ಒಸಿರಿಸ್ ಹಡಗಿನಿಂದ ಬಂದ ಕೊನೆಯ ಸುದ್ದಿಯನ್ನು ನಿಯೋಬಿ ಸಭೆಯಲ್ಲಿ ಹೇಳುತ್ತಾಳೆ. ಸುದ್ದಿ ಅವಳ ಕೈಗೆ ಸಿಕ್ಕಿದ್ದು ಹೇಗೆ? ಅಂಚೆ ಕಚೇರಿಗೆ ನುಗ್ಗಿ ಆ ಪೊಟ್ಟಣ ತಂದವರು ಆಟ ಆಡಿದ ನಾವು. ಹೆದ್ದಾರಿಯಲ್ಲಿ ಲಾರಿಯಿಂದ ಬಿದ್ದ ಮಾರ್ಫಿಯಸ್‌ನನ್ನು ಕಾರಿನ ಮೂತಿಯ ಮೇಲೆ ಹಿಡಿದುಕೊಂಡದ್ದು ನಿಯೋಬಿಯ ಕಾರು. ಅವಳು ಸಮಯಕ್ಕೆ ಸರಿಯಾಗಿ ಎಲ್ಲಿಂದ ಬಂದಳು ಅಂತ ಥಿಯೇಟರಿನಲ್ಲಿ ಕೂತವನಿಗೆ ಗೊತ್ತಾಗುವುದಿಲ್ಲ. 'ರೆವಲ್ಯೂಷನ್ಸ್'ನಲ್ಲಿ ಅವಳ ಹಡಗು ಕರೆಂಟಿಲ್ಲದೆ ಕತ್ತಲಲ್ಲಿ ಬಿದ್ದಿರುವುದನ್ನು ಇನ್ನೊಂದು ಹಡಗಿನವರು ಕಾಣುತ್ತಾರೆ. ಬಿದ್ದದ್ದು ಯಾಕೆ? ಬೆನ್ನಟ್ಟಿದ ಯಂತ್ರಗಳನ್ನು ಕೊಲ್ಲಲು ವಿದ್ಯುತ್ ಆಸ್ಫೋಟ ಮಾಡಿಕೊಂಡು ತನ್ನ ಹಡಗನ್ನೂ ಕಳೆದುಕೊಂಡದ್ದು ಆಟದ ಕೊನೆಯ ದೃಶ್ಯ.

ಇನ್ನೂ ಒಂದಿದೆ. ಕಣಿ ಹೇಳುವ ಅಜ್ಜಿ ಒರಾಕಲ್ ಪಾತ್ರದ ಗ್ಲೋರಿಯಾ ಫಾಸ್ಟರ್ 2001ರಲ್ಲಿ ತೀರಿಕೊಂಡರು. ಮೂರನೆಯ ಚಿತ್ರದಲ್ಲಿ ಆ ಪಾತ್ರಕ್ಕೆ ಮೇರಿ ಆಲಿಸ್ ಬಂದರು. ಅಜ್ಜಿಯ ಮುಖ ಯಾಕೆ ಬದಲಾಯಿತು ಎಂಬುದಕ್ಕೆ ಚಿತ್ರ ಒಂದೆರಡು ಮಾತು ತೇಲಿಸಿ ಮುಂದೆ ಹೋಗುತ್ತದೆ. ಅದಕ್ಕೂ ಆರು ತಿಂಗಳ ಮೊದಲೇ ಹೊಸ ಮುಖದ ಅಜ್ಜಿ ಆಟದಲ್ಲಿ ಎದುರಿಗೆ ಕೂತು ಮೆರೊವಿಂಜಿಯನ್‌ನ ಕೈವಾಡ ತಿಳಿಸಿದ್ದಳು. ನಾನು ಅಣ್ಣನಿಗೆ ಆ ಮಾತುಗಳನ್ನು ಕನ್ನಡದಲ್ಲಿ ಹೇಳಿದಾಗ ಅವನು ಆಟ ನಿಲ್ಲಿಸಿ, "ಸತ್ತೋದ ಮುದುಕಿಗೆ ಎಂಥ ಮರ್ಯಾದೆ ಮಾಡಿದ್ದಾರೆ ನೋಡೋ" ಅಂದಿದ್ದ.

ತೆಗೆದುಹಾಕಿದರೆ ಉಳಿದ ಕಥೆಯಲ್ಲಿ ತೂತು ಬೀಳುವಂಥದ್ದು ಸರಣಿಯದೇ ಭಾಗ. ನನ್ನ ತಕ್ಕಡಿ ಇಷ್ಟೆ. ಹೆಸರು, ನಾಯಕ ಎಲ್ಲ ಆಮೇಲೆ.

ಈ ತಕ್ಕಡಿಗೆ 2005ರ 'ದಿ ಪಾಥ್ ಆಫ್ ನಿಯೋ' ಆಟ ಹಾಕಿದರೆ ಮೇಲೆದ್ದುಬಿಡುತ್ತದೆ. ನಿಯೋ ಇದ್ದಾನೆ, ವಾಚೋವ್ಸ್ಕಿಗಳ ಕೈಯೂ ಇದೆ. ಆದರೆ ಮೂರು ಚಿತ್ರಗಳನ್ನೇ ಮತ್ತೆ ಹೇಳಿ, ಕೊನೆ ಬೇರೆ ಮಾಡಿದ್ದಾರೆ. ತೆಗೆದರೆ ಯಾರಿಗೂ ನಷ್ಟವಿಲ್ಲ. ಅದೇ ವರ್ಷ ಶುರುವಾದ 'ಮ್ಯಾಟ್ರಿಕ್ಸ್ ಆನ್‌ಲೈನ್' ತಲೆನೋವಿನದು. ಮೂರನೆಯ ಚಿತ್ರದ ಮುಂದಿನ ಕಥೆ ಅದರಲ್ಲಿ ನಡೆಯಿತು, ಮಾರ್ಫಿಯಸ್ ಸತ್ತ. 2009ರ ಜುಲೈ 31ಕ್ಕೆ ಆಟ ಮುಚ್ಚಿದರು. ಈಗ ಆ ಕಥೆಯೊಳಗೆ ಹೋಗಿ ಆಡುವಂತಿಲ್ಲ. ಅದನ್ನು ಒಳಗಿಡಲೋ ಹೊರಗಿಡಲೋ ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ. ಪಟ್ಟಿಯಲ್ಲಿ ಪ್ರಶ್ನೆ ಗುರುತು ಹಾಕಿದ್ದೇನೆ.

ತಮಾಷೆ ಏನೆಂದರೆ, ಆಟಕ್ಕೆ ಸಿನಿಮಾದಲ್ಲಿ ಜಾಗವಿಲ್ಲ ಅಂತ ನಾನು ಬರೆದುಕೊಟ್ಟ ಆ 'ರಿಸರೆಕ್ಷನ್ಸ್'ನಲ್ಲೇ ನಾಯಕನ ಕಸುಬು ವಿಡಿಯೋ ಗೇಮ್ ಮಾಡುವುದು! ಅವನು ಮಾಡಿ ಹೆಸರಾದ ಮೂರು ಆಟಗಳ ಹೆಸರು 'ಮ್ಯಾಟ್ರಿಕ್ಸ್'. ಚಿತ್ರ ನೋಡಿಯೂ ನನಗೆ ಬುದ್ಧಿ ಬರಲಿಲ್ಲ.

2024ರಲ್ಲಿ ಐದನೆಯ ಚಿತ್ರದ ಪ್ರಕಟಣೆ ಹೊರಬಿದ್ದ ಮೇಲೆ ಮತ್ತೆ ಪಟ್ಟಿ ಕೇಳುವವರು ಹುಟ್ಟಿಕೊಂಡರು. ಈ ಸಲ 'ರೀಲೋಡೆಡ್' ಪಕ್ಕದಲ್ಲೇ, ಅದರಷ್ಟೇ ದೊಡ್ಡ ಅಕ್ಷರದಲ್ಲಿ 'ಎಂಟರ್ ದಿ ಮ್ಯಾಟ್ರಿಕ್ಸ್' ಬರೆದೆ. ಇಲ್ಲಿನ ಸಂಪಾದಕರು ಹುಬ್ಬೇರಿಸಿದರು, ಹೊಡೆದುಹಾಕಲಿಲ್ಲ.

ಅಚ್ಚಿಗೆ ಹೋಗುವ ಮುಂಚೆ ಅಣ್ಣನಿಗೆ ಫೋನ್ ಮಾಡಿದೆ. ಈಗ ಅವನು ಬಸ್ ಕಂಡಕ್ಟರ್. ಹಿಂದೆ ಜನರ ಗದ್ದಲ ಕೇಳುತ್ತಿತ್ತು.

"ಹಾಕಿದ್ದೀನಣ್ಣ, ನಮ್ಮ ಆಟ."

"ಹೂಂ." ಸ್ವಲ್ಪ ಹೊತ್ತು ಬಿಟ್ಟು, "'ಪಾಥ್ ಆಫ್ ನಿಯೋ'?"

"ಅದಿಲ್ಲ. ಅದರ ಕೊನೆ ಬೇರೆ."

"ಕೊನೆ ಬೇರೆ ಆದ್ರೇನೋ? ಅದನ್ನೂ ನಾವೇ ತಾನೆ ಆಡಿದ್ದು?" ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ, "ಬೇಲೂರು ಯಾರ್ರೀ, ಟಿಕೆಟ್ ತಗೊಳ್ಳಿ" ಅಂತ ಕೂಗುತ್ತಾ ಬಸ್ಸಿನೊಳಗೆ ನಡೆದ. ಫೋನ್ ಮಾತ್ರ ಕಟ್ ಮಾಡಿರಲಿಲ್ಲ.