ಕಾಣದ ಬೆಳಕಿನಲ್ಲಿ ಬಾತ್ ಪಟ್ಟಣ

ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿರುವ ಮಗಳ ಮನೆಗೆ ಬಂದು ನೆಲೆಸಿದ ನಮಗೆ ಇದು ಮೂರನೆಯ ಬೇಸಗೆ. ಏವನ್ ನದಿಯ ದಂಡೆಯಲ್ಲಿ ಜೇನುಬಣ್ಣದ ಕಲ್ಲಿನಿಂದ ಕಟ್ಟಿದ ಈ ಊರು ನೋಡುವುದಕ್ಕೆ ಬಹು ಸೊಗಸು. ಆದರೆ ಮಗಳೂ ಅಳಿಯನೂ ಕೆಲಸಕ್ಕೆ ಹೊರಟ ಬಳಿಕ ಹಗಲೆಂಬುದು ಮುಗಿಯಲೊಲ್ಲದು. ಪಾಠ ಹೇಳಲು ಮಕ್ಕಳಿಲ್ಲ. ಜಗಲಿಯಲ್ಲಿ ಕುಳಿತು ಹೋಗಿಬರುವವರನ್ನು ಮಾತನಾಡಿಸೋಣವೆಂದರೆ ಜಗಲಿಯೇ ಇಲ್ಲ. ಹೀಗಿರುವಾಗ ನಾವು ಕೈಕೊಂಡ ಹೊಸ ವಿದ್ಯೆಯೇ ಅವಕೆಂಪು ಛಾಯಾಚಿತ್ರಣ.

ಸಂಸ್ಕೃತದ ‘ಅವ’ಕ್ಕೆ ಕನ್ನಡದ ‘ಕೆಂಪ’ನ್ನು ಹೊಲಿದ ಈ ಪದವನ್ನು ಕಂಡಿದ್ದರೆ ಕೇಶಿರಾಜನು ಅರಿಸಮಾಸವೆಂದು ಮುಖ ಸಿಂಡರಿಸುತ್ತಿದ್ದನೋ ಏನೋ! ಹೆಸರು ಹೇಗಾದರೂ ಇರಲಿ, ಕಾಮನಬಿಲ್ಲಿನ ಕೆಂಪು ಅಂಚಿನಾಚೆ ನಮ್ಮ ಕಣ್ಣಿಗೆ ಎಟುಕದ ಬೆಳಕೊಂದು ಇರುವುದು ದಿಟ. ಅದನ್ನು ಕಂಡುಹಿಡಿದ ವಿಲಿಯಂ ಹರ್ಷೆಲನು ಹಿಂದೆ ಇದೇ ಬಾತಿನಲ್ಲಿದ್ದವನು. ಅವನೂ ಪರದೇಶದಿಂದ ಬಂದವನು. ಜರ್ಮನಿಯ ಹ್ಯಾನೋವರಿನಲ್ಲಿ ಹುಟ್ಟಿ, ಇಲ್ಲಿ ಪ್ರಾರ್ಥನಾಮಂದಿರದ ಆರ್ಗನ್ ವಾದ್ಯವನ್ನು ನುಡಿಸಿ ಜೀವಿಸುತ್ತಿದ್ದನು. 1781ರಲ್ಲಿ ತನ್ನ ಮನೆಯ ಹಿತ್ತಲಿನಿಂದಲೇ ಯುರೇನಸ್ ಗ್ರಹವನ್ನು ಕಂಡನು. ಆ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಮುಂದೆ ಸ್ಲೌ ಎಂಬ ಊರಿನಲ್ಲಿದ್ದಾಗ, 1800ರಲ್ಲಿ, ಗಾಜಿನ ಪಟ್ಟಕದಿಂದ ಬಿಸಿಲನ್ನು ಬಣ್ಣಬಣ್ಣವಾಗಿ ಒಡೆದು, ಒಂದೊಂದರಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದನು. ಕೆಂಪಿನಾಚೆ, ಏನೂ ಕಾಣದೆಡೆಯಲ್ಲಿ, ಪಾದರಸವು ಎಲ್ಲಕ್ಕಿಂತ ಮೇಲೇರಿತು.

ಈ ಬೆಳಕು ಡಿಜಿಟಲ್ ಕ್ಯಾಮರಾಕ್ಕೆ ಕಾಣುವುದು. ಆದರೆ ಚಿತ್ರದ ಬಣ್ಣ ಕೆಡಬಾರದೆಂದು ತಯಾರಿಸುವವರೇ ಒಳಗೆ ಒಂದು ಅಡ್ಡಗಾಜನ್ನು ಇಟ್ಟಿರುವರು. ಅಳಿಯನ ಹಳೆಯ ಕ್ಯಾಮರಾದಿಂದ ಅದನ್ನು ತೆಗೆಸಿ, 720 ನ್ಯಾನೊಮೀಟರಿಗಿಂತ ಕಿರಿದಾದ ಅಲೆಗಳನ್ನು ತಡೆಯುವ ಕರಿಯ ಗಾಜನ್ನು ಹಾಕಿಸಿದೆವು. ಬಳಿಕ ಈ ಊರೇ ಬೇರೆಯಾಯಿತು! ಸರ್ಕಸ್ ಎಂಬ ವೃತ್ತಾಕಾರದ ಬೀದಿಯ ನಡುವಣ ಪ್ಲೇನ್ ಮರಗಳು ಜೂನ್ ತಿಂಗಳಲ್ಲಿ ಹಿಮ ಹೊತ್ತು ನಿಂತವು. ರಾಯಲ್ ಕ್ರೆಸೆಂಟಿನ ಮುಂದಣ ಹುಲ್ಲು, ಅರಳೆಯನ್ನು ಹಾಸಿದಂತಾಯಿತು, ಆಕಾಶ ಕಾಡಿಗೆಯಾಯಿತು. ಎಲೆಯ ಹಸುರು ಕೆಂಪು ಬೆಳಕನ್ನು ನುಂಗುವುದೇ ಹೊರತು ಅವಕೆಂಪನ್ನು ನುಂಗದು. ಎಲೆಯೊಳಗಿನ ಕೋಶಗಳೂ ಗಾಳಿಯ ಸಂದುಗಳೂ ಅದನ್ನು ಚದುರಿಸಿ ಹೊರಕ್ಕೆ ಕಳುಹಿಸುವುವು. ಬೇರೆ ಚಿತ್ರಗಾರರು ಹಳಿಯುವ ನಡುಹಗಲ ಬಿಸಿಲೇ ಇದಕ್ಕೆ ಹಬ್ಬ. ಇಲ್ಲಿ ಸೂರ್ಯನು ಅತಿಥಿಯಷ್ಟೆ. ಆತನು ಬಂದ ದಿನ ನಮಗೆ ಊಟ ತಡ.

ಮೊದಲೆರಡು ವರ್ಷ ಬೀದಿಯಲ್ಲಿ ನಮ್ಮನ್ನು ಯಾರೂ ಮಾತನಾಡಿಸಿದವರಲ್ಲ. ಈಗ ಮುಕ್ಕಾಲಿಯ ಬಳಿ ನಿಂತು ಕೇಳುವರು. ನೆರೆಮನೆಯ ವೃದ್ಧರೊಬ್ಬರು ನಮ್ಮ ಪಕ್ಕದಲ್ಲಿ ಕುಳಿತು ಚಿತ್ರ ತೆಗೆಸಿಕೊಂಡರು. ಚರ್ಮದ ಕಪ್ಪು ಈ ಬೆಳಕಿಗೆ ಅಷ್ಟಾಗಿ ಅಡ್ಡಬಾರದು. ಅವರ ಮುಖವೂ ನಮ್ಮದೂ ಒಂದೇ ಹಾಲಿನ ಬಣ್ಣವಾಗಿ ಬಂದುವು. “ಇದರಲ್ಲಿ ನಾನು ಯಾರು?” ಎಂದು ಅವರು ನಕ್ಕರು. ನಾವೂ ನಕ್ಕೆವು, ಆ ರಾತ್ರಿ ಚಿತ್ರವನ್ನು ಬಹಳ ಹೊತ್ತು ನೋಡಿದೆವು.

ಆದರೆ ಈ ಬೆಳಕಿಗೆ ದಾಕ್ಷಿಣ್ಯವೆಂಬುದಿಲ್ಲ. ಯುಗಾದಿಯಂದು ನಮ್ಮ ಮನೆಯಾಕೆ ಕಡುಹಸುರು ರೇಷ್ಮೆಯುಟ್ಟು ಹಿತ್ತಲಿನಲ್ಲಿ ನಿಂತಳು. ಬಟ್ಟೆಗೆ ಹಾಕುವ ಬಣ್ಣಗಳಲ್ಲಿ ಅನೇಕವು ಅವಕೆಂಪನ್ನು ತಡೆಯವು, ಕುಂಕುಮವೂ ಹಾಗೆಯೇ. ಚಿತ್ರದಲ್ಲಿ ಸೀರೆ ಬಿಳಿಯಾಗಿತ್ತು, ಹಣೆ ಬರಿದಾಗಿತ್ತು. ಆಕೆ ನೋಡಿದಳು, ಸೆರಗಿನಿಂದ ಕೈಯೊರೆಸಿಕೊಂಡು, “ಇದನ್ನು ಊರಿಗೆ ಕಳುಹಿಸಬೇಡಿ, ಅಕ್ಕ ನೋಡಿದರೆ ಎದೆಯೊಡೆದುಕೊಂಡಾಳು,” ಎಂದಷ್ಟೆ ಹೇಳಿ ಒಳಗೆ ಹೋದಳು. ಬೆಳಕಿನ ನಿಯಮವನ್ನು ವಿವರಿಸುವ ಮನಸ್ಸು ನಮಗಾಗಲಿಲ್ಲ. ಚಿತ್ರವನ್ನು ಅಳಿಸಿದೆವು.

ಅಂದಿನಿಂದ ಎರಡು ಕ್ಯಾಮರಾ ಹೊತ್ತು ಹೊರಡುವೆವು: ಮರಗಳಿಗೆ ಒಂದು, ಆಕೆಗೆ ಒಂದು. ಆಕೆಯೂ ಬುತ್ತಿ ಕಟ್ಟಿಕೊಂಡು ಜೊತೆಗೆ ಬರುವಳು. ಚಿತ್ರ ತೆಗೆಯುವ ಮುನ್ನ ನಮ್ಮ ಕೈಯಲ್ಲಿರುವುದು ಯಾವುದೆಂದು ಕೇಳಿಕೊಂಡೇ ನಿಲ್ಲುವಳು.